ಕರೆದವರ ಹೊಣೆ

ಮನೆಗೆ ಬಂದ ಅತಿಥಿಯು ಹೊರಟು ನಿಂತಾಗ ನಾವು ಬಾಗಿಲಿನವರೆಗೆ ಹೋಗಿ ಬೀಳ್ಕೊಡುತ್ತೇವೆ. ಕತ್ತಲಾಗಿದ್ದರೆ ದೀಪ ಹಿಡಿದು ದಾರಿ ತೋರಿಸುತ್ತೇವೆ. ಕರೆದವನ ಹೊಣೆ ಊಟ ಬಡಿಸಿದಲ್ಲಿಗೆ ಮುಗಿಯುವುದಿಲ್ಲ; ಬಂದವನು ಕ್ಷೇಮವಾಗಿ ಹಿಂದಿರುಗುವವರೆಗೂ ಅದು ಉಳಿದಿರುತ್ತದೆ ಎಂಬುದು ನಮ್ಮ ಹಿರಿಯರು ನಡೆದು ತೋರಿಸಿದ ದಾರಿ. ಒಂದು ಮನೆಗೆ ಸಲ್ಲುವ ಈ ಮಾತು ನೂರಾರು, ಸಾವಿರಾರು ಜನರು ನೆರೆಯುವ ನಾಟಕಮಂದಿರಕ್ಕೂ ಕ್ರೀಡಾಂಗಣಕ್ಕೂ ಸಲ್ಲುತ್ತದೆಯೆ? ಟಿಕೆಟ್ಟಿನ ಹಣವನ್ನು ಪಡೆದು ಬಾಗಿಲು ತೆರೆದವನು ಒಳಗೆ ಬಂದವರ ಪ್ರಾಣಕ್ಕೂ ಹೊಣೆಗಾರನೆ? ಈ ಪ್ರಶ್ನೆಗೆ ಬ್ರಿಟನ್ ದೇಶವು 2025ರಲ್ಲಿ ಕಾನೂನಿನ ಮೂಲಕ ಉತ್ತರ ಕೊಟ್ಟಿತು. ಆ ಉತ್ತರದ ಹಿಂದೆ ಒಂದು ಘೋರ ದುರಂತವಿದೆ. ಒಬ್ಬ ತಾಯಿಯ ಬಹುವರ್ಷಗಳ ಪರಿಶ್ರಮವೂ ಇದೆ.

ಹತ್ತಿಯ ಗಿರಣಿಗಳಿಂದ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದ ಮ್ಯಾಂಚೆಸ್ಟರ್ ಇಂಗ್ಲೆಂಡಿನ ಒಂದು ದೊಡ್ಡ ನಗರ. ಅಲ್ಲಿನ ವಿಕ್ಟೋರಿಯಾ ರೈಲು ನಿಲ್ದಾಣಕ್ಕೆ ಹೊಂದಿಕೊಂಡಂತೆ ಮ್ಯಾಂಚೆಸ್ಟರ್ ಅರೀನಾ ಎಂಬ ವಿಶಾಲವಾದ ಮನರಂಜನಾ ಮಂದಿರವಿದೆ. 2017ರ ಮೇ 22ರ ರಾತ್ರಿ ಅಲ್ಲಿ ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆಯವರ ಗಾಯನ ಕಾರ್ಯಕ್ರಮವಿತ್ತು. 14,000ಕ್ಕೂ ಹೆಚ್ಚು ಜನರು ಸೇರಿದ್ದರು. ಅವರಲ್ಲಿ ಬಾಲಕ ಬಾಲಕಿಯರೂ ಹದಿಹರೆಯದವರೂ ಬಹಳ ಮಂದಿ. ನಿಲ್ದಾಣವನ್ನೂ ಮಂದಿರವನ್ನೂ ಕೂಡಿಸುವ ಹೊರ ಅಂಗಳದಲ್ಲಿ ತಾಯಿತಂದೆಯರು ತಮ್ಮ ಮಕ್ಕಳಿಗಾಗಿ ಕಾದು ನಿಂತಿದ್ದರು. ರಾತ್ರಿ 10 ಗಂಟೆ 31 ನಿಮಿಷಕ್ಕೆ, ಹಾಡು ಮುಗಿದು ಜನರು ಹೊರಬರುತ್ತಿದ್ದಾಗ, ಬೆನ್ನಚೀಲದಲ್ಲಿ ಬಾಂಬನ್ನು ಹೊತ್ತು ಅದೇ ಅಂಗಳದಲ್ಲಿ ಹೊಂಚುಹಾಕಿದ್ದ ಯುವಕನೊಬ್ಬನು ಅದನ್ನು ಸಿಡಿಸಿದನು. ಅವನಲ್ಲದೆ 22 ಮಂದಿ ಪ್ರಾಣ ಕಳೆದುಕೊಂಡರು. ನೂರಾರು ಜನರು ಗಾಯಗೊಂಡರು. ಸತ್ತವರಲ್ಲಿ ಅತ್ಯಂತ ಕಿರಿಯಳಿಗೆ ಎಂಟೇ ವರ್ಷ.

ಈ ದುರಂತವನ್ನು ಕುರಿತು ಸರ್ ಜಾನ್ ಸಾಂಡರ್ಸ್ ಎಂಬ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ದೀರ್ಘವಾದ ವಿಚಾರಣೆ ನಡೆಯಿತು. ಮಂದಿರದ ಭದ್ರತೆಯನ್ನು ಪರಿಶೀಲಿಸಿದ ಮೊದಲ ಸಂಪುಟವು 2021ರಲ್ಲಿಯೂ, ರಕ್ಷಣಾಕಾರ್ಯವನ್ನು ಪರಿಶೀಲಿಸಿದ ಎರಡನೆಯ ಸಂಪುಟವು 2022ರಲ್ಲಿಯೂ ಪ್ರಕಟವಾದವು. ಅವುಗಳನ್ನು ಓದಿದವರಿಗೆ ಒಂದು ಸಂಗತಿ ಮನಸ್ಸನ್ನು ಬಿಡದೆ ಕಾಡುತ್ತದೆ. ಅಂದು ಅಲ್ಲಿ ಕಾವಲಿಗೆ ಜನರಿರಲಿಲ್ಲವೆಂದಲ್ಲ, ಕ್ಯಾಮೆರಾಗಳಿರಲಿಲ್ಲವೆಂದೂ ಅಲ್ಲ. ಆದರೆ ಆ ಅಂಗಳದ ಒಂದು ಮೂಲೆ ಕ್ಯಾಮೆರಾಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಕೊಲೆಗಾರನು ಆ ಮೂಲೆಯಲ್ಲಿಯೇ ಕುಳಿತಿದ್ದನು. ಮಗಳಿಗಾಗಿ ಕಾಯುತ್ತಿದ್ದ ಒಬ್ಬ ಗೃಹಸ್ಥರು ಅವನನ್ನು ಕಂಡು ಸಂಶಯಪಟ್ಟು, ನೇರವಾಗಿ ಅವನನ್ನೇ ಮಾತನಾಡಿಸಿ, ಆಮೇಲೆ ಬಾಗಿಲಿನ ಕಾವಲುಗಾರನಿಗೆ ತಿಳಿಸಿದರು. ಕಾವಲುಗಾರನು ತನ್ನ ಬಾಗಿಲನ್ನು ಬಿಟ್ಟು ಹೋಗುವಂತಿರಲಿಲ್ಲ. ಅವನ ಬಳಿ ರೇಡಿಯೋ ಇರಲಿಲ್ಲ. ಕೆಲವು ನಿಮಿಷಗಳು ಕಳೆದ ಮೇಲೆ ಅವನು ಮತ್ತೊಬ್ಬ ಕಾವಲುಗಾರನಿಗೆ ಹೇಳಿದನು. ಆತ ಇನ್ನೂ 18 ವರ್ಷದ ತರುಣ. ರೇಡಿಯೋದಲ್ಲಿ ಮೇಲಿನವರಿಗೆ ತಿಳಿಸಲು ಯತ್ನಿಸಿದನು, ಸಂಪರ್ಕ ದೊರೆಯಲಿಲ್ಲ. ಮತ್ತೆ ಯತ್ನಿಸಲಿಲ್ಲ. ತನ್ನ ಊಹೆ ತಪ್ಪಾದರೆ ಜನಾಂಗದ್ವೇಷಿಯೆಂಬ ಕೆಟ್ಟ ಹೆಸರು ಬಂದೀತೆಂದು ಅಳುಕಿದೆನೆಂದು ಅವನು ಅನಂತರ ಹೇಳಿಕೊಂಡನು.

ಕಾನೂನಿನ ಪುಸ್ತಕಗಳಲ್ಲಿ ಸಿಗದ ಪಾಠ ಇಲ್ಲಿದೆ. ಆ ತರುಣನನ್ನು ದೂರುವುದು ಸುಲಭ. ಆದರೆ ಸಂಶಯ ಬಂದಾಗ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು, ಮನುಷ್ಯನ ಬಣ್ಣವನ್ನಲ್ಲದೆ ಅವನ ನಡತೆಯನ್ನು ಹೇಗೆ ಗಮನಿಸಬೇಕು ಎಂಬುದನ್ನು ಅವನಿಗೆ ಮನಮುಟ್ಟುವಂತೆ ಕಲಿಸಿದ್ದವರು ಯಾರು? ಕಲಿಸದೆ ಬಾಗಿಲಲ್ಲಿ ನಿಲ್ಲಿಸಿದವರ ತಪ್ಪು ನಿಂತವನ ತಪ್ಪಿಗಿಂತ ದೊಡ್ಡದು. ಸ್ಫೋಟದ ಅನಂತರವೂ ಇದೇ ಕಥೆ. ಮೊದಲ ಸುಮಾರು 40 ನಿಮಿಷಗಳವರೆಗೆ ಆ ಅಂಗಳದಲ್ಲಿ ಗಾಯಾಳುಗಳ ನಡುವೆ ಇದ್ದದ್ದು ಆಂಬ್ಯುಲೆನ್ಸ್ ಸೇವೆಯ ಒಬ್ಬನೇ ಒಬ್ಬ ಚಿಕಿತ್ಸಕ. ಅಗ್ನಿಶಾಮಕ ದಳವು ಬಂದು ಸೇರಲು ಎರಡು ಗಂಟೆಗೂ ಮೀರಿ ಹಿಡಿಯಿತು. ಜನರು ಜಾಹೀರಾತಿನ ಹಲಗೆಗಳನ್ನೂ ಕಬ್ಬಿಣದ ತಡೆಬೇಲಿಗಳನ್ನೂ ಕಿತ್ತು, ಅವುಗಳ ಮೇಲೆ ಗಾಯಾಳುಗಳನ್ನು ಹೊತ್ತುಕೊಂಡು ಹೋದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಅಂದು ಅದು ನಗುವ ಮಾತಾಗಿರಲಿಲ್ಲ.

ಅಂದು ಮಡಿದವರಲ್ಲಿ 29 ವರ್ಷದ ಮಾರ್ಟಿನ್ ಹೆಟ್ ಎಂಬಾತನೂ ಒಬ್ಬನು. ಅವನ ತಾಯಿ ಫಿಗೆನ್ ಮರ್ರಿ. ಕೊಲೆಗಾರನನ್ನು ತಾನು ಕ್ಷಮಿಸಿರುವುದಾಗಿ ಆಕೆ ಬಹಿರಂಗವಾಗಿಯೇ ಹೇಳಿದರು. ಕ್ಷಮಿಸಿದರು, ಆದರೆ ಸುಮ್ಮನೆ ಕೂಡಲಿಲ್ಲ. ಹೋಟೆಲಿನ ಅಡಿಗೆಮನೆ ಶುಚಿಯಾಗಿರಬೇಕೆಂದು ಕಾನೂನಿದೆ. ಬೆಂಕಿ ಹತ್ತಿದರೆ ಹೊರಹೋಗುವ ದಾರಿ ಇರಬೇಕೆಂದು ಕಾನೂನಿದೆ. ಕೊಲ್ಲಲೆಂದೇ ಬರುವವನಿಂದ ಜನರನ್ನು ಕಾಯಲು ಸಿದ್ಧರಾಗಿರಬೇಕೆಂಬ ಸಾಮಾನ್ಯ ಕಾನೂನು ಮಾತ್ರ ಇರಲಿಲ್ಲ. ಈ ಕೊರತೆಯನ್ನು ತುಂಬಬೇಕೆಂದು ಆಕೆ ಹಟ ತೊಟ್ಟರು. ಭಯೋತ್ಪಾದನೆಯ ನಿಗ್ರಹವನ್ನೇ ವಿಷಯವಾಗಿ ಆರಿಸಿಕೊಂಡು, ಮಧ್ಯವಯಸ್ಸು ದಾಟಿದ ಮೇಲೆ ಸ್ನಾತಕೋತ್ತರ ಪದವಿಯನ್ನು ಪಡೆದರು. 2024ರ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರಿನಿಂದ ಲಂಡನ್ನಿನ ಪ್ರಧಾನಮಂತ್ರಿಗಳ ನಿವಾಸದವರೆಗೆ ಸುಮಾರು 200 ಮೈಲಿಗಳ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿದರು. ಆಕೆ ಅಲ್ಲಿಗೆ ತಲುಪಿದ ದಿನ ಮೇ 22. ಮಗನು ತೀರಿಹೋಗಿ ಸರಿಯಾಗಿ ಏಳು ವರ್ಷ. ಅಂದಿನ ಸಂಜೆಯೇ ಪ್ರಧಾನಮಂತ್ರಿಗಳು ಸಾರ್ವತ್ರಿಕ ಚುನಾವಣೆಯನ್ನು ಸಾರಿದರು. ಕಾನೂನು ಮತ್ತೆ ಮುಂದಕ್ಕೆ ಹೋಯಿತು. ಹೊಸ ಸರ್ಕಾರವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಸೂದೆಯನ್ನು ಮಂಡಿಸಿತು. 2025ರ ಏಪ್ರಿಲ್ 3ರಂದು ಅದಕ್ಕೆ ರಾಜಮುದ್ರೆ ಬಿದ್ದಿತು. ಅದರ ಅಧಿಕೃತ ಹೆಸರು ಭಯೋತ್ಪಾದನೆ (ಆವರಣಗಳ ರಕ್ಷಣೆ) ಅಧಿನಿಯಮ, 2025. ಜನರು ಅದನ್ನು ಕರೆಯುವುದು ‘ಮಾರ್ಟಿನ್ನನ ಕಾನೂನು’ ಎಂದು.

ಈ ಕಾನೂನಿನ ರಚನೆ ಸರಳವಾದುದು. ಒಂದೇ ವೇಳೆಯಲ್ಲಿ 200 ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನರು ಸೇರಬಹುದಾದ ಅಂಗಡಿ, ಹೋಟೆಲು, ನಾಟಕಶಾಲೆ, ಗ್ರಂಥಾಲಯ, ಶಾಲೆ, ಪ್ರಾರ್ಥನಾಮಂದಿರ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. 200ರಿಂದ 799ರವರೆಗಿನವು ಸಾಮಾನ್ಯ ವರ್ಗ. 800 ಮತ್ತು ಅದಕ್ಕೆ ಮೇಲ್ಪಟ್ಟವು ವಿಶೇಷ ವರ್ಗ. ಶಾಲೆಗಳನ್ನೂ ಪ್ರಾರ್ಥನಾಮಂದಿರಗಳನ್ನೂ, ಎಷ್ಟೇ ದೊಡ್ಡವಾಗಿದ್ದರೂ, ಸಾಮಾನ್ಯವಾಗಿ ಮೊದಲ ವರ್ಗದಲ್ಲಿಯೇ ಇರಿಸಲಾಗಿದೆ. ವಿಶೇಷ ವರ್ಗದವರು ಆವರಣದ ಮೇಲೆ ನಿಗಾ ಇಡುವ, ಜನರ ಓಡಾಟವನ್ನು ನಿಯಂತ್ರಿಸುವ, ಕಟ್ಟಡವನ್ನು ಭದ್ರಪಡಿಸುವ ಕ್ರಮಗಳನ್ನು ಯುಕ್ತವೆನಿಸುವಷ್ಟು ಮಟ್ಟಿಗೆ ಕೈಗೊಂಡು, ಅವುಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಸಾಮಾನ್ಯ ವರ್ಗದವರು ಹೊಸ ಗೋಡೆ ಕಟ್ಟಬೇಕಾಗಿಲ್ಲ, ಯಂತ್ರಗಳನ್ನು ಕೊಳ್ಳಬೇಕಾಗಿಲ್ಲ. ಅವರು ನಾಲ್ಕು ಸಂಗತಿಗಳನ್ನು ಮೊದಲೇ ಯೋಚಿಸಿ, ತಮ್ಮ ಕೆಲಸಗಾರರಿಗೆ ತಿಳಿಸಿಟ್ಟಿದ್ದರೆ ಸಾಕು: ಅಪಾಯ ಒಳಗಿದ್ದರೆ ಜನರನ್ನು ಹೊರಗೆ ಕಳುಹಿಸುವುದು ಹೇಗೆ, ಅಪಾಯ ಹೊರಗಿದ್ದರೆ ಅವರನ್ನು ಒಳಗೆ ಸುರಕ್ಷಿತವಾದ ಜಾಗಕ್ಕೆ ಸೇರಿಸುವುದು ಹೇಗೆ, ದುಷ್ಟನು ಒಳನುಗ್ಗದಂತೆ ಬಾಗಿಲುಗಳನ್ನು ಮುಚ್ಚುವವರು ಯಾರು, ಇವೆಲ್ಲವನ್ನೂ ಜನರಿಗೆ ತಿಳಿಸುವ ಬಗೆ ಯಾವುದು.

ಮೇಲುನೋಟಕ್ಕೆ ಇವು ಸಣ್ಣ ಮಾತುಗಳು. ಆದರೆ 250 ಜನರು ಕುಳಿತು ನಾಟಕ ನೋಡುವ ಒಂದು ಸಭಾಂಗಣವನ್ನು ಕಲ್ಪಿಸಿಕೊಳ್ಳಿರಿ. ಹಿಂಬಾಗಿಲ ಬೀಗದ ಕೈ ಯಾರ ಜೇಬಿನಲ್ಲಿದೆ? ಆ ಬಾಗಿಲಿಗೆ ಅಡ್ಡವಾಗಿ ಕುರ್ಚಿಗಳನ್ನು ಪೇರಿಸಿಲ್ಲವೆ? ಧ್ವನಿವರ್ಧಕದ ಮುಂದೆ ನಿಂತು ಗಾಬರಿಯಿಲ್ಲದೆ ನಾಲ್ಕು ಮಾತು ಹೇಳುವವರು ಯಾರು? ನಡೆಯಲಾರದ ಅಜ್ಜಿಯ ಕೈ ಹಿಡಿಯುವವರು ಯಾರು? ಇವಕ್ಕೆ ಉತ್ತರ ಹುಡುಕಲು ಹಣ ಬೇಕಾಗಿಲ್ಲ. ಒಂದು ಸಂಜೆಯ ವಿವೇಚನೆ ಬೇಕು. ಅಪಾಯದ ಗಳಿಗೆಯಲ್ಲಿ ಮನುಷ್ಯನು ಹೊಸದಾಗಿ ಯೋಚಿಸಲಾರನು; ಮೊದಲೇ ಅಭ್ಯಾಸ ಮಾಡಿದ್ದನ್ನು ಮಾತ್ರ ಮಾಡಬಲ್ಲನು.

ಈ ಕಾನೂನಿಗೆ ಆಕ್ಷೇಪಗಳೂ ಬಂದವು. ಹಳ್ಳಿಯ ಸಭಾಂಗಣಗಳನ್ನು ನಡೆಸುವವರು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರ ಮೇಲೆ ಇಷ್ಟು ಭಾರವನ್ನು ಹೊರಿಸಿದರೆ ಬಾಗಿಲು ಮುಚ್ಚಿಬಿಟ್ಟಾರೆಂದು ಹಲವರು ಹೇಳಿದರು. ಆ ಮಾತಿನಲ್ಲಿ ಹುರುಳಿತ್ತು. ಆದುದರಿಂದಲೇ 2023ರ ಕರಡಿನಲ್ಲಿ 100 ಎಂದಿದ್ದ ಸಂಖ್ಯೆಯನ್ನು ಅನಂತರ 200ಕ್ಕೆ ಏರಿಸಲಾಯಿತು. ಸಿದ್ಧತೆಗಾಗಿ ಕನಿಷ್ಠ 24 ತಿಂಗಳ ಕಾಲಾವಕಾಶವನ್ನೂ ಸಾರಲಾಯಿತು. ಉಸ್ತುವಾರಿಯನ್ನು ಭದ್ರತಾ ಉದ್ಯಮ ಪ್ರಾಧಿಕಾರಕ್ಕೆ ವಹಿಸಲಾಯಿತು. ತಪ್ಪಿದವರಿಗೆ ದಂಡವೂ ಉಂಟು: ಸಾಮಾನ್ಯ ವರ್ಗಕ್ಕೆ 10,000 ಪೌಂಡುಗಳವರೆಗೆ, ವಿಶೇಷ ವರ್ಗಕ್ಕೆ 1 ಕೋಟಿ 80 ಲಕ್ಷ ಪೌಂಡುಗಳು ಅಥವಾ ಜಗತ್ತಿನಾದ್ಯಂತ ಬರುವ ವರಮಾನದ ನೂರಕ್ಕೆ 5 ಭಾಗ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ.

ಈ ವಿಷಯ ನಮಗೆ ದೂರದ್ದಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಯುಗಾದಿಗೂ ರಾಜ್ಯೋತ್ಸವಕ್ಕೂ ಬಾಡಿಗೆಯ ಸಭಾಂಗಣಗಳಲ್ಲಿ ನೆರೆಯುತ್ತಾರೆ. ಆ ಸಭಾಂಗಣಗಳಿಗೂ ಇದೇ ಕಾನೂನು. ನಮ್ಮ ಬೆಂಗಳೂರಿನಲ್ಲಿಯೇ 2010ರ ಏಪ್ರಿಲ್ 17ರಂದು, ಕ್ರಿಕೆಟ್ ಪಂದ್ಯ ಆರಂಭವಾಗುವ ಮುನ್ನ, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬಾಂಬುಗಳು ಸಿಡಿದು ಹಲವರು ಗಾಯಗೊಂಡರು. ಬಹಳ ಜನರು ಬಂದುಹೋಗುವ ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಅಳವಡಿಸಬೇಕೆಂದು ವಿಧಿಸುವ ಸಾರ್ವಜನಿಕ ಸುರಕ್ಷತಾ ಕಾನೂನನ್ನು ಕರ್ನಾಟಕವು 2017ರಲ್ಲಿ ಮಾಡಿತು. ಅದು ಅಗತ್ಯವಾದ ಹೆಜ್ಜೆಯೇ. ಆದರೆ ಕ್ಯಾಮೆರಾ ನೋಡಬಲ್ಲದು, ಓಡಿಬಂದು ಬಾಗಿಲು ತೆಗೆಯಲಾರದು. ಕಂಡದ್ದನ್ನು ಅರಿತು, ಅಳುಕದೆ ಹೇಳಿ, ಹೇಳಿದ್ದನ್ನು ಕೇಳಿ ನಡೆಯುವವನು ಮನುಷ್ಯನೇ ಆಗಬೇಕು.

ಎಚ್ಚರವೆಂದರೆ ಅಂಜಿಕೆಯಲ್ಲ. ಅಂಜಿದವನು ಬಾಗಿಲು ಮುಚ್ಚಿ ಒಳಗೇ ಕುಳಿತಾನು. ಎಚ್ಚರವಿದ್ದವನು ಬಾಗಿಲನ್ನು ತೆರೆದಿಟ್ಟು ಬಂದವರನ್ನು ಕಾದಾನು. ಜನರು ಒಂದೆಡೆ ಕೂಡಿ ಹಾಡಬಾರದು, ನಗಬಾರದು ಎಂಬುದೇ ಭಯೋತ್ಪಾದಕನ ಬಯಕೆ. ಮ್ಯಾಂಚೆಸ್ಟರಿನ ಜನರು ಹಾಡುವುದನ್ನು ಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಮಂದಿರದ ಬಾಗಿಲು ಮತ್ತೆ ತೆರೆಯಿತು. ಬಾಗಿಲನ್ನು ತೆರೆದವರು ಒಳಗೆ ಬಂದವರನ್ನು ಮನೆಯ ಅತಿಥಿಗಳಂತೆ ಕಾಯಬೇಕೆಂಬುದಷ್ಟೇ ಆ ತಾಯಿಯ ಕೋರಿಕೆ. ತನ್ನ ಮಗನನ್ನು ಅದು ಮರಳಿ ತಂದುಕೊಡಲಾರದೆಂದು ಆಕೆ ಬಲ್ಲರು. ಬೇರೆಯವರ ಮಕ್ಕಳಿಗಾಗಿ ಆಕೆ 200 ಮೈಲಿ ನಡೆದರು.

ಪ್ರಶ್ನೆಗಳು

1. ಮ್ಯಾಂಚೆಸ್ಟರ್ ದುರಂತದ ವಿಚಾರಣೆಯಲ್ಲಿ ಬೆಳಕಿಗೆ ಬಂದ ಲೋಪಗಳು ಯಾವುವು?
2. ಸಾಮಾನ್ಯ ವರ್ಗದ ಆವರಣಗಳವರು ಮೊದಲೇ ಯೋಚಿಸಿಡಬೇಕಾದ ನಾಲ್ಕು ಸಂಗತಿಗಳನ್ನು ವಿವರಿಸಿರಿ.
3. ‘ಕಲಿಸದೆ ಬಾಗಿಲಲ್ಲಿ ನಿಲ್ಲಿಸಿದವರ ತಪ್ಪು ನಿಂತವನ ತಪ್ಪಿಗಿಂತ ದೊಡ್ಡದು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ನಿಮ್ಮ ಶಾಲೆಯ ವಾರ್ಷಿಕೋತ್ಸವದ ದಿನ ಜನರು ಸುರಕ್ಷಿತವಾಗಿ ಹೊರಹೋಗಲು ಯಾವ ಸಿದ್ಧತೆಗಳಿರಬೇಕು? ಶಾಲೆಯ ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿ ಬಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.