ಮುಯ್ಯಿ ದುಡ್ಡಿನಲ್ಲಿ ಮೂರು ದೇಶ

ಬ್ಯಾಂಕಾಕ್‌ನಿಂದ ಸಿಂಗಪುರಕ್ಕೆ ರೈಲಿನಲ್ಲಿ ಹೋಗುವುದು ವಿಮಾನಕ್ಕಿಂತ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲೇ ನೋಡಿಕೊಂಡರೆ ವಿಮಾನದ ಸೀಟು ಅಷ್ಟಕ್ಕೇ, ಕೆಲವೊಮ್ಮೆ ಇನ್ನೂ ಕಡಿಮೆಗೆ ಸಿಕ್ಕೀತು. ಹಾಗಿದ್ದೂ ಮದುವೆಯಲ್ಲಿ ಬಂದ ಮುಯ್ಯಿ ದುಡ್ಡನ್ನು ನಾವು ರೈಲಿಗೇ ಹಾಕಿ ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ ಮೂರನ್ನೂ ನೋಡಿ ಬಂದೆವು. ದುಡ್ಡು ಉಳಿದದ್ದು ಟಿಕೆಟ್ಟಿನ ಸುತ್ತಮುತ್ತಲಿನ ಖರ್ಚುಗಳಲ್ಲಿ.

ಮಧುಚಂದ್ರದ ಪ್ಯಾಕೇಜುಗಳಲ್ಲಿ ದೇಶಕ್ಕೊಂದು ವಿಮಾನ, ನಿಲ್ದಾಣದಿಂದ ಊರೊಳಗೆ ಬರಲು ಟ್ಯಾಕ್ಸಿ, ಲಗೇಜಿಗೆ ಬೇರೆ ದುಡ್ಡು, ಪ್ರತಿ ರಾತ್ರಿಗೂ ಹೋಟೆಲು. ರಾತ್ರಿ ರೈಲು ಹಿಡಿದರೆ ಒಂದು ಹೋಟೆಲು ಬಾಡಿಗೆ ಬರ್ತಿನಲ್ಲೇ ಮುಗಿದುಹೋಗುತ್ತದೆ. ವಿಮಾನ ಮೇಲಿಂದಲೇ ದಾಟಿಬಿಡುವ ಪೆನಾಂಗ್‌ನಂಥ ಕಡೆ ಇಳಿದು ಉಳಿಯಬಹುದು; ಅಲ್ಲಿನ ಕೋಣೆಗಳು ಸಿಂಗಪುರಕ್ಕಿಂತ ಎಷ್ಟೋ ಅಗ್ಗ. ಅದಕ್ಕೇ ಯಾವ ರಾತ್ರಿ ಎಲ್ಲಿ ಮಲಗುತ್ತೇವೆ, ಅದಕ್ಕೆಷ್ಟು ಎಂದು ಮೊದಲು ಬರೆದುಕೊಂಡು, ಉಳಿದ ಖರ್ಚನ್ನು ಅದಕ್ಕೆ ಹೊಂದಿಸಿದೆವು.

ಯಾವ ದಿಕ್ಕಿಗೆ ಹೋಗುತ್ತೀರಿ ಎಂಬುದಕ್ಕೂ ಬೆಲೆಯಿದೆ. ನಾವು ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗಿ ಸಿಂಗಪುರದಿಂದ ವಾಪಸಾದೆವು. ಅಗ್ಗದ ವಿಮಾನ ಕಂಪನಿಗಳು ಹೋಗುವುದಕ್ಕೂ ಬರುವುದಕ್ಕೂ ಬೇರೆಬೇರೆ ದರ ಕಟ್ಟುವುದರಿಂದ ಹೋದ ದಾರಿಯಲ್ಲೇ ಹಿಂತಿರುಗುವ ಹಂಗಿಲ್ಲ. ದುಬಾರಿ ಸಿಂಗಪುರವನ್ನು ಕೊನೆಗಿಟ್ಟು ಅಲ್ಲಿನ ವಾಸವನ್ನು ಒಂದೇ ರಾತ್ರಿಗೆ ಮುಗಿಸಿದ್ದಾಯಿತು. ಇನ್ನೊಂದು ತಮಾಷೆ ಕೇಳಿ. ಮಲೇಷ್ಯಾದ ಜೋಹೊರ್ ಬಾರುವಿನಿಂದ ಜಲಸಂಧಿ ದಾಟಿ ಸಿಂಗಪುರದ ವುಡ್‌ಲ್ಯಾಂಡ್ಸ್‌ಗೆ ಹೋಗುವ ಟೆಬ್ರಾವ್ ಷಟಲ್ ರೈಲಿಗೆ 5 ರಿಂಗಿಟ್. ಅದೇ ಐದು ನಿಮಿಷದ ದಾರಿಗೆ ಆ ಕಡೆಯಿಂದ ಬಂದರೆ 5 ಸಿಂಗಪುರ ಡಾಲರ್, ಅಂದರೆ ಮೂರು ಪಟ್ಟಿಗೂ ಹೆಚ್ಚು!

ಬ್ಯಾಂಕಾಕ್‌ನ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೊರಡುವ 45ನೇ ನಂಬರಿನ ರೈಲು ಮಾರನೇ ಬೆಳಿಗ್ಗೆ ಮಲೇಷ್ಯಾ ಗಡಿಯ ಪಾಡಾಂಗ್ ಬೆಸಾರ್ ಮುಟ್ಟುತ್ತದೆ. ಎರಡನೇ ದರ್ಜೆಯ ಎಸಿ ಬರ್ತಿಗೆ ಸುಮಾರು 1,000 ಬಾತ್. ಕೆಳಗಿನ ಬರ್ತ್ ಅಗಲ, ಕಿಟಕಿಯೂ ಅದಕ್ಕೇ, ಹಾಗಾಗಿ ಮೇಲಿನದಕ್ಕಿಂತ ತುಸು ಜಾಸ್ತಿ. ಸಿಬ್ಬಂದಿಯೇ ಬಂದು ಹಾಸಿಗೆ ಹಾಸಿಕೊಡುತ್ತಾರೆ, ಪರದೆ ಎಳೆದುಕೊಂಡರೆ ನಮ್ಮ ಪಾಡಿಗೆ ನಾವು. ‘ಅಲ್ಲಮ್ಮಾ, ಹೊಸದಾಗಿ ಮದುವೆಯಾದವರು ಒಬ್ರು ಮೇಲಿನ ಬರ್ತು, ಒಬ್ರು ಕೆಳಗಿನ ಬರ್ತು ಅಂತ ಹೋಗ್ತೀರಾ?’ ಎಂದು ಅತ್ತೆ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಹಾಟ್ ಯಾಯ್‌ವರೆಗೆ ಹೋಗುವ 31ನೇ ನಂಬರಿನ ರೈಲಿನಲ್ಲಿ ಇಬ್ಬರಿಗೇ ಮೀಸಲಾದ ಮೊದಲ ದರ್ಜೆಯ ಕೋಣೆಗಳಿವೆ; ಅಲ್ಲಿಂದ ಗಡಿಗೆ ಸಣ್ಣ ರೈಲು ಹಿಡಿಯಬೇಕು. ನಾವು ಪರದೆಯಲ್ಲೇ ಸುಧಾರಿಸಿಕೊಂಡು, ಆ ವ್ಯತ್ಯಾಸದ ದುಡ್ಡನ್ನು ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ಹಳೇ ಕಾಲದ ಮರದ ಕಿಟಕಿಗಳ ಮನೆಯೊಂದರ ಒಳ್ಳೆಯ ಕೋಣೆಗೆ ಕೊಟ್ಟೆವು. ಅದರ ಫೋಟೊ ನೋಡಿದ ಮೇಲೆ ಅತ್ತೆ ಬರ್ತಿನ ಸುದ್ದಿ ಎತ್ತಲಿಲ್ಲ.

ಪಾಡಾಂಗ್ ಬೆಸಾರ್‌ನಲ್ಲಿ ಎರಡೂ ದೇಶಗಳ ಮುದ್ರೆ ಒಂದೇ ನಿಲ್ದಾಣದಲ್ಲಿ ಬೀಳುತ್ತದೆ. ಗಡಿಯಾರವನ್ನು ಮಾತ್ರ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಥಾಯ್ ಸಮಯ ನಂಬಿ ಕೂತರೆ ಮುಂದಿನ ರೈಲು ಹೊರಟುಹೋಗಿರುತ್ತದೆ. ಅಲ್ಲಿಂದ ಬಟರ್‌ವರ್ತ್‌ಗೆ ಲೋಕಲ್ ರೈಲು, ಹನ್ನೊಂದು ಹನ್ನೆರಡು ರಿಂಗಿಟ್. ನಿಲ್ದಾಣದ ಹತ್ತಿರವೇ ಪೆನಾಂಗ್‌ಗೆ ದೋಣಿ. ಥಾಯ್ಲೆಂಡ್‌ನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುವುದರಿಂದ ಸಸ್ಯಾಹಾರಿಗಳು ‘ಜೇ’ ಎಂದು ಹೇಳಿ ಕೇಳಬೇಕು. ಜಾರ್ಜ್‌ಟೌನ್‌ನಲ್ಲೂ ಮುಂದಿನ ದಾರಿಯಲ್ಲಿ ಸಿಗುವ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲೂ ಆ ಚಿಂತೆಯಿಲ್ಲ, ಬಾಳೆಎಲೆ ಊಟವೇ ಸಿಗುತ್ತದೆ.

ಇನ್ನು ಕಾಗದಪತ್ರದ ಖರ್ಚು. ನಾವು ಹೋದಾಗ ಥಾಯ್ಲೆಂಡ್‌ಗೂ ಮಲೇಷ್ಯಾಕ್ಕೂ ವೀಸಾ ಬೇಕಿರಲಿಲ್ಲ. ಇಂಥ ರಿಯಾಯಿತಿ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ. ಸಿಂಗಪುರಕ್ಕೆ ಮಾತ್ರ ವೀಸಾ ಬೇಕೇ ಬೇಕು, ತಿರಸ್ಕೃತವಾದರೆ ಶುಲ್ಕ ವಾಪಸ್ ಬರುವುದಿಲ್ಲ. ಮೂರೂ ದೇಶಗಳ ಆನ್‌ಲೈನ್ ಆಗಮನ ಕಾರ್ಡು ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟು ಕಂಡರೆ ಅದು ಸರ್ಕಾರದ್ದಲ್ಲ. ಮದುವೆಯಾದ ಉತ್ಸಾಹದಲ್ಲಿ ಗಂಡನ ಹೆಸರು ಸೇರಿಸಿ ಟಿಕೆಟ್ ತೆಗೆದೀರಿ, ಜೋಕೆ! ಪಾಸ್‌ಪೋರ್ಟಿನಲ್ಲಿರುವ ಹೆಸರೇ ಟಿಕೆಟ್ಟಿನಲ್ಲೂ ಇರಬೇಕು. ಹೆಸರು ಬದಲಾಯಿಸುವ ಕೆಲಸ ಬಂದ ಮೇಲಿರಲಿ.

ಟ್ರಾವೆಲ್ ಏಜೆಂಟರಿಂದ ವಿದೇಶದ ಪ್ಯಾಕೇಜು ಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಎಂಬ ತೆರಿಗೆ ಬೀಳುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಮರಳುತ್ತದೆ ನಿಜ, ಆದರೆ ಮದುವೆ ಮುಗಿಸಿ ಕೈ ಖಾಲಿಯಾದ ಹೊತ್ತಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿರುತ್ತದೆ. ರೈಲು, ಕೋಣೆಗಳನ್ನು ನಾವೇ ಒಂದೊಂದಾಗಿ ಬುಕ್ ಮಾಡಿದ್ದರಿಂದ ಆ ಗೋಜಿರಲಿಲ್ಲ. ಥಾಯ್ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ ಸುಮಾರು 220 ಬಾತ್ ಕತ್ತರಿಸುತ್ತವೆ, ಬೇಕಾದಷ್ಟನ್ನು ಒಂದೇ ಸಲ ತೆಗೆಯುವುದು ವಾಸಿ. ‘ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ?’ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ. ವಿನಿಮಯ ದರದಲ್ಲಿ ಅವರು ತಮ್ಮ ಪಾಲು ಸೇರಿಸಿಕೊಂಡಿರುತ್ತಾರೆ.

ಚೈತ್ರ, ವೈಶಾಖದಲ್ಲಿ ಮದುವೆಯಾಗುವವರಿಗೆ ಒಂದು ಮಾತು. ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸವರ್ಷ ಸೋಂಗ್‌ಕ್ರಾನ್. ಆಗ ಬ್ಯಾಂಕಾಕ್ ಮಂದಿಯೆಲ್ಲ ಊರಿಗೆ ಹೊರಡುತ್ತಾರೆ, ಬರ್ತ್ ಸಿಗುವುದು ದುಸ್ತರ. ಟೆಬ್ರಾವ್ ರೈಲಿಗೂ ಸೀಟು ಮೊದಲೇ ಹಿಡಿದಿರಬೇಕು, ವಾರಾಂತ್ಯದಲ್ಲಂತೂ ಎರಡೂ ಕಡೆಯವರ ನೂಕುನುಗ್ಗಲು. ಅದೇ ಜಲಸಂಧಿಯ ಮೇಲೆ ಆರ್‌ಟಿಎಸ್ ಎಂಬ ಹೊಸ ಮೆಟ್ರೊ ಮಾರ್ಗ ಕಟ್ಟಿದ್ದಾರೆ. ಅದು ಓಡಲು ಶುರುವಾದ ಮೇಲೆ ಟೆಬ್ರಾವ್ ನಿಲ್ಲಲಿದೆ. ನೀವು ಹೊರಡುವ ಹೊತ್ತಿಗೆ ಯಾವುದು ಓಡುತ್ತಿದೆ, ದರ ಎಷ್ಟು ಎಂದು ನೋಡಿಕೊಂಡೇ ಲೆಕ್ಕ ಹಾಕಿ.