ಒಂದೇ ಭಾನುವಾರ ಎಲ್ಲ ಬದಲಿಸಬೇಡಿ

ಆರು ವರ್ಷದ ಕೆಳಗೆ ಒಂದು ಭಾನುವಾರ ಹುರುಪೆದ್ದು, ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಮುಕ್ತ ತಂತ್ರಾಂಶದ ಆ್ಯಪ್‌ಗಳನ್ನಷ್ಟೇ ಹಾಕಿಕೊಂಡೆ. ಸೋಮವಾರ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದ ಮೀಟಿಂಗ್ ಸುದ್ದಿ ತಪ್ಪಿತು. ಮಂಗಳವಾರ ಕಿರಾಣಿ ಅಂಗಡಿಯಲ್ಲಿ ಯುಪಿಐ ಇಲ್ಲದೆ, ಜೇಬಿನಲ್ಲಿ ನೋಟೂ ಇಲ್ಲದೆ, ಸಾಲ ಹೇಳಿ ಬಂದೆ. ಬುಧವಾರ ಹಳೆಯ ಆ್ಯಪ್‌ಗಳೆಲ್ಲ ವಾಪಸ್. ಎರಡನೇ ಸಲ ಎರಡು ವರ್ಷ ಹಿಡಿದು ಒಂದೊಂದಾಗಿ ಬದಲಿಸಿದೆ, ಅದು ನಿಂತಿತು. ನಾನು ಸಾಗರದ ಕಡೆಯ ಹೈಸ್ಕೂಲ್ ಮೇಷ್ಟ್ರು. ಕೋಡ್ ಬರೆಯಲು ಬರುವುದಿಲ್ಲ.

1. ನಿಮಗೊಬ್ಬರಿಗೇ ಸಂಬಂಧಿಸಿದ್ದು ಮೊದಲು

ಕೀಬೋರ್ಡ್ ಬದಲಿಸಲು ಯಾರ ಒಪ್ಪಿಗೆಯೂ ಬೇಡ. ಪಾಡ್‌ಕಾಸ್ಟ್ ಕೇಳಲು ಆಂಟೆನಾಪಾಡ್, ವಿಡಿಯೊಗೆ ವಿಎಲ್‌ಸಿ, ಜಾಲಾಟಕ್ಕೆ ಫೈರ್‌ಫಾಕ್ಸ್, ಕನ್ನಡ ಬರೆಯಲು ಇಂಡಿಕ್ ಕೀಬೋರ್ಡ್. ಇವನ್ನು ಬದಲಿಸಿದ್ದು ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಸಂದೇಶ, ಹಣಪಾವತಿ, ಫೋಟೊ ಹಂಚಿಕೆ ಹಾಗಲ್ಲ; ಆ ಕಡೆಯೂ ಒಬ್ಬರಿರುತ್ತಾರೆ. ಅವನ್ನು ಕೊನೆಗಿಡಿ. ನನ್ನ ಮೊದಲ ಭಾನುವಾರ ಕೆಟ್ಟದ್ದು ಈ ಕ್ರಮ ತಪ್ಪಿದ್ದಕ್ಕೆ.

2. ಎಫ್-ಡ್ರಾಯ್ಡ್‌ನಲ್ಲಿ ಎಚ್ಚರಿಕೆಯ ಸಾಲು ಓದಿ

ಮುಕ್ತ ತಂತ್ರಾಂಶ ಸಿಗುವ, 2010ರಿಂದ ಇರುವ ಈ ಆ್ಯಪ್ ಭಂಡಾರ, ಆ್ಯಪ್‌ನಲ್ಲಿ ಏನಾದರೂ ಕೊಸರಿದ್ದರೆ ಅದರ ಪುಟದಲ್ಲೇ ಹೇಳಿಬಿಡುತ್ತದೆ: ಜಾಹೀರಾತಿದೆ, ನಿಮ್ಮ ಮೇಲೆ ಕಣ್ಣಿಡುತ್ತದೆ, ಮುಕ್ತವಲ್ಲದ ಸೇವೆಯನ್ನು ನೆಚ್ಚಿಕೊಂಡಿದೆ, ಹೀಗೆ. ಹೊಸ ಆವೃತ್ತಿ ಕೆಲವು ದಿನ ತಡವಾಗಿ ಬರುವುದುಂಟು. ಅಷ್ಟೇ.

3. ನಕ್ಷೆಯಲ್ಲಿ ತಪ್ಪಿದ್ದರೆ ಬೈಯಬೇಡಿ, ತಿದ್ದಿ

ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮೂರಿನ ರಸ್ತೆ ಕೆರೆ ಏರಿಯ ಹತ್ತಿರ ಬಂದು ನಿಂತುಹೋಗಿತ್ತು. ಅದರಾಚೆಗಿನ ಹನ್ನೆರಡು ಮನೆ, ಅಡಿಕೆ ತೋಟ, ಭೂತಪ್ಪನ ಕಟ್ಟೆ ಯಾವುದೂ ಇಲ್ಲ. ಉಪಗ್ರಹದ ಚಿತ್ರ ಇಟ್ಟುಕೊಂಡು ಗೆರೆ ಎಳೆದೆ. ಆಮೇಲೆ ಸ್ಟ್ರೀಟ್‌ಕಂಪ್ಲೀಟ್ ಹಾಕಿಕೊಂಡೆ. ಅದು ನಿಂತ ಜಾಗದಲ್ಲೇ ಪ್ರಶ್ನೆ ಕೇಳುತ್ತದೆ: ಈ ರಸ್ತೆಗೆ ಹೆಸರಿದೆಯೇ? ಟಾರೋ, ಮಣ್ಣೋ? ಸಂಜೆ ನಡೆಯಲು ಹೋದಾಗ ಉತ್ತರಿಸುತ್ತ ಹೋದೆ. ದನ ಹೊಡೆದುಕೊಂಡು ಬರುತ್ತಿದ್ದ ಪಕ್ಕದ ಮನೆಯ ಅಜ್ಜ, "ಮೇಷ್ಟ್ರೇ, ಎಂತ ಬರ್ಕಳ್ತಿದೀರಿ, ಸರ್ವೇನಾ?" ಎಂದು ಗಾಬರಿಯಾದದ್ದುಂಟು.

ಮೊಬೈಲ್ ಸಿಗ್ನಲ್ ಸಿಗದ ನಮ್ಮ ಕಡೆಗೆ ಇದೇ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಆಸ್‌ಮ್ಯಾಂಡ್, ಆರ್ಗಾನಿಕ್ ಮ್ಯಾಪ್ಸ್ ಹೇಳಿಮಾಡಿಸಿದಂಥವು. ಆದರೆ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಬೆಂಗಳೂರಿನಲ್ಲಿ ಯಾವ ರಸ್ತೆ ಜಾಮ್ ಆಗಿದೆ ಎನ್ನುವುದಕ್ಕೆ ಗೂಗಲ್ ನಕ್ಷೆಯೇ ವಾಸಿ. ನಾನು ಎರಡೂ ಇಟ್ಟುಕೊಂಡಿದ್ದೇನೆ.

4. ಪಾಸ್‌ವರ್ಡ್ ಮರೆತರೆ ಕೇಳಲು ಯಾರೂ ಇರುವುದಿಲ್ಲ

ಕೀಪಾಸ್‌ಡಿಎಕ್ಸ್‌ನಲ್ಲಿ ಪಾಸ್‌ವರ್ಡ್‌ಗಳು, ಏಜಿಸ್‌ನಲ್ಲಿ ಎರಡನೇ ಹಂತದ ಆರಂಕಿ ಕೋಡುಗಳು. ಎರಡೂ ಫೋನಿನೊಳಗೇ ಇರುತ್ತವೆ, ಯಾವ ಕಂಪನಿಯ ಬಳಿಗೂ ಹೋಗುವುದಿಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದೆ. ಒಂದು ಜುಲೈನಲ್ಲಿ ಬೈಕಿನಿಂದ ಜಾರಿದ ಫೋನು ಹೊಳೆ ಸೇರಿದಾಗ ಅದೇ ಹೆಮ್ಮೆ ಮುಳುವಾಯಿತು. ಪಾಸ್‌ವರ್ಡ್ ಕಡತದ ಪ್ರತಿ ಲ್ಯಾಪ್‌ಟಾಪಿನಲ್ಲಿತ್ತು; ಏಜಿಸ್‌ನದು ಇರಲಿಲ್ಲ. ಒಂದೊಂದೇ ಖಾತೆಗೆ ನಾನೇ ನಾನೆಂದು ಸಾಬೀತು ಮಾಡುವುದರಲ್ಲಿ ಮೂರು ವಾರ ಹೋಯಿತು. ಈಗ ಎರಡರ ಪ್ರತಿಯೂ ಪೆನ್‌ಡ್ರೈವಿನಲ್ಲಿ, ಬೀರುವಿನ ಒಳಗೆ. ಮುಖ್ಯ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಹೆಂಡತಿಯ ಕೈಗೆ ಕೊಟ್ಟಿದ್ದೇನೆ.

5. ನುಡಿ ಕಡತ ತೆರೆಯದಿದ್ದರೆ ಲಿಬ್ರೆ ಆಫೀಸನ್ನು ದೂರಬೇಡಿ

ಪಕ್ಕದ ಶಾಲೆಯಿಂದ ಪ್ರಶ್ನೆಪತ್ರಿಕೆ ಬಂತು. ಮುಕ್ತ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ತೆರೆದರೆ ಕನ್ನಡದ ಬದಲು ಕೊಂಬು, ಬಾಲ ಅಂಟಿದ ರೋಮನ್ ಅಕ್ಷರಗಳ ರಾಶಿ. "ನಿಮ್ ಫ್ರೀ ಸಾಫ್ಟ್‌ವೇರ್ ಹಣೆಬರಹ ಇಷ್ಟೇ ಸರ್" ಎಂದರು ಸಹೋದ್ಯೋಗಿಗಳು. ತಪ್ಪು ಅದರದ್ದಲ್ಲ. ಕನ್ನಡದಲ್ಲಿ ಯೂನಿಕೋಡ್ ಬಳಕೆ ಹರಡುವ ಮುಂಚಿನ ನುಡಿ, ಬರಹದ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರಿನಲ್ಲೂ ಇದೇ ಕಥೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮಾತ್ರ ಕಣ್ಣಾರೆ ನೋಡಿ.

6. ಮಾಸ್ಟೊಡಾನ್‌ನಲ್ಲಿ ಸರ್ವರ್ ಆರಿಸುವ ಮುಂಚೆ ನಡೆಸುವವರು ಯಾರೆಂದು ಕೇಳಿ

2016ರಲ್ಲಿ ಹುಟ್ಟಿದ, ಟ್ವಿಟರಿನಂಥ ಸಾಮಾಜಿಕ ಜಾಲ ಮಾಸ್ಟೊಡಾನ್‌ಗೆ ನಮ್ಮ ದೇಶದವರು ಗುಂಪಾಗಿ ಹೋದದ್ದು 2019ರ ನವೆಂಬರಿನಲ್ಲಿ, ಟ್ವಿಟರ್ ಮೇಲೆ ಮುನಿಸಿಕೊಂಡು. ನಾನೂ ಆ ದಿಬ್ಬಣದಲ್ಲಿದ್ದೆ. ಒಬ್ಬ ಯಜಮಾನ ಇಲ್ಲ, ಸಾವಿರಾರು ಸರ್ವರ್‌ಗಳು, ಒಂದರಲ್ಲಿದ್ದವರು ಇನ್ನೊಂದರವರ ಜೊತೆ ಮಾತಾಡಬಹುದು. ಸಾಗರದಲ್ಲಿ ಹಾಕಿದ ಕಾಗದ ಶಿರಸಿಯ ಅಂಚೆಯಣ್ಣನಿಗೆ ತಲುಪಿದಂತೆ. 2018ರಲ್ಲಿ ಮಾನ್ಯತೆ ಪಡೆದ ಆಕ್ಟಿವಿಟಿಪಬ್ ಎಂಬ ಒಡಂಬಡಿಕೆ ಇದನ್ನು ಸಾಧ್ಯವಾಗಿಸುತ್ತದೆ. ಪಿಕ್ಸೆಲ್‌ಫೆಡ್‌ನ ಫೋಟೊ, ಪೀರ್‌ಟ್ಯೂಬ್‌ನ ವಿಡಿಯೊ ಕೂಡ ಅಲ್ಲಿಂದಲೇ ಸಿಗುತ್ತವೆ.

ಆದರೆ ಸರ್ವರಿಗೆ ಬಾಡಿಗೆ ಕಟ್ಟುವವರೊಬ್ಬರು ಇರಲೇಬೇಕಲ್ಲ. ನನ್ನ ಮೊದಲ ಖಾತೆಯಿದ್ದ ಪುಟ್ಟ ಸರ್ವರ್ ಖರ್ಚು ತೂಗದೆ ಮುಚ್ಚಿತು. ತಿಂಗಳ ಮುಂಚೆಯೇ ಹೇಳಿದ್ದರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಗಡಿಬಿಡಿಯಲ್ಲಿ ನಾನು ನೋಡಲಿಲ್ಲ. ಮೊದಲೇ ನೋಡಿದ್ದರೆ ಹಿಂಬಾಲಕರನ್ನು ಹೊಸ ಖಾತೆಗೆ ಕರೆದೊಯ್ಯಬಹುದಿತ್ತು. ಹಳೆಯ ಬರಹಗಳು ಹೇಗಿದ್ದರೂ ಜೊತೆಗೆ ಬರುತ್ತಿರಲಿಲ್ಲ.

ಇನ್ನೆರಡು ಮಾತು. ಪೋಸ್ಟಿನ ಭಾಷೆಯನ್ನು ಕನ್ನಡ ಎಂದು ಗುರುತಿಸಿ, ಹ್ಯಾಷ್‌ಟ್ಯಾಗ್ ಹಾಕಿ. ಅಲ್ಲಿ ನಿಮ್ಮನ್ನು ಎತ್ತಿ ತೋರಿಸುವ ಅಲ್ಗಾರಿದಮ್ ಇಲ್ಲ, ಹುಡುಕಿಕೊಂಡೇ ಬರಬೇಕು. ಮತ್ತೆ, ಖಾಸಗಿ ಸಂದೇಶ ಎಂದುಕೊಂಡು ಗುಟ್ಟು ಬರೆಯಬೇಡಿ. ಸರ್ವರ್ ನಡೆಸುವವರು ಅದನ್ನು ಓದಬಲ್ಲರು. ಅದರಲ್ಲಿ ಮೂರನೆಯವರ ಖಾತೆಯ ಹೆಸರನ್ನು ಪೂರ್ತಿ ಬರೆದರೆ ಸಂದೇಶ ಅವರಿಗೂ ಹೋಗುತ್ತದೆ. ಇದನ್ನು ನಾನು ಹೇಗೆ ಕಲಿತೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

7. ಮನೆಯವರನ್ನು ಹೊರಡಿಸಬೇಡಿ

"ನಿಮ್ಮ ಮಾಸ್ಟೊಡಾನಲ್ಲಿ ನಮ್ಮ ಅತ್ತಿಗೆ ಇದಾರಾ?" ಎಂದಳು ಹೆಂಡತಿ. ಇಲ್ಲ. ಚರ್ಚೆ ಅಲ್ಲಿಗೆ ಮುಗಿಯಿತು. ವಾಟ್ಸಾಪ್ ಉಳಿಸಿಕೊಂಡೆ. ಸಂದೇಶದ ಆ್ಯಪ್ ಸಿಗ್ನಲ್‌ಗೆ ಬಂದದ್ದು ಭಾವ ಒಬ್ಬರೇ. ನಾಲ್ಕು ಜನ ಗೆಳೆಯರನ್ನು ಇನ್ನೊಂದು ಸಂದೇಶದ ಆ್ಯಪ್ ಎಲಿಮೆಂಟ್‌ಗೆ ಕರೆತಂದಿದ್ದೆ. 2023ರ ಮೇನಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಅದೂ ಒಂದು. ಅವರು ಮತ್ತೆ ನನ್ನ ಮಾತು ಕೇಳಲಿಲ್ಲ.

8. ದುಡ್ಡು ಕೊಡಿ, ಆಗದಿದ್ದರೆ ಕೆಲಸ ಕೊಡಿ

ನಾನು ಬಳಸುತ್ತಿದ್ದ ಸಿಂಪಲ್ ಮೊಬೈಲ್ ಟೂಲ್ಸ್ ಆ್ಯಪ್‌ಗಳು 2023ರ ಕೊನೆಗೆ ಕಂಪನಿಯೊಂದಕ್ಕೆ ಮಾರಾಟವಾದವು. ಕೋಡ್ ಮುಕ್ತವಾಗಿದ್ದರಿಂದ ಅದನ್ನೇ ಎತ್ತಿಕೊಂಡು ಫಾಸಿಫೈ ಎಂಬ ಹೆಸರಿನಲ್ಲಿ ಬೇರೆಯವರು ಮುಂದುವರಿಸಿದರು. ನನ್ನ ಗ್ಯಾಲರಿ, ಕ್ಯಾಲೆಂಡರ್ ಉಳಿದವು. ಹೀಗೆ ಮುಂದುವರಿಸುವವರಿಗೂ ಖರ್ಚಿರುತ್ತದೆ ಎಂದು ಅಂದಿನಿಂದ ಪ್ರತಿ ಏಪ್ರಿಲ್ ರಜೆಯಲ್ಲಿ ಎರಡು ಸಾವಿರ ರೂಪಾಯಿಯನ್ನು ನಾಲ್ಕೈದು ಯೋಜನೆಗಳಿಗೆ ಹಂಚುತ್ತೇನೆ.

ದುಡ್ಡು ಕೊಡಲು ಆಗದವರು ಇವತ್ತು ಸಂಜೆ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು, ನಿಮ್ಮೂರಿನ ಹೆಸರು ಕನ್ನಡದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಒಂದು ಖಾತೆ ಮಾಡಿಕೊಂಡು ನೀವೇ ಬರೆಯಬಹುದು.