ಹಿತ್ತಲಿಗೆ ಕೋಳಿ ತರುವ ಮುನ್ನ

ಬೆಂಗಳೂರು ಪಶ್ಚಿಮಕ್ಕೆ ಬೆಳೆದು ಕೆಂಗೇರಿಯನ್ನು ದಾಟಿದ್ದರೂ ಅಲ್ಲಿನ ಹಳೆಯ ಮನೆಗಳ ಹಿಂದೆ ಹಿತ್ತಲು ಇನ್ನೂ ಅಲ್ಲಲ್ಲಿ ಉಳಿದಿದೆ. ನುಗ್ಗೆ, ಸೀಬೆ, ಕರಿಬೇವಿನ ನಡುವೆ ಹತ್ತು ಕೋಳಿ ಸಾಕಿದರೆ ಮನೆಯ ಮಕ್ಕಳಿಗೆ ಮೊಟ್ಟೆ, ಗಿಡಕ್ಕೆ ಗೊಬ್ಬರ ಎರಡೂ ಸಿಗುತ್ತವೆ. ಆದರೆ ಹಿತ್ತಲು ಮನೆಯವರದ್ದು ಮಾತ್ರವಲ್ಲ. ವೃಷಭಾವತಿಯ ದಂಡೆ, ರಾಜಕಾಲುವೆಗಳ ಬದಿ, ಜ್ಞಾನಭಾರತಿಯ ಮರಗಾಡು, ತುರಹಳ್ಳಿ ಕಾಡು ಸಮೀಪವಿರುವುದರಿಂದ ಮುಂಗುಸಿ, ಹೆಗ್ಗಣ, ಕೇರೆಹಾವು, ಪುನುಗುಬೆಕ್ಕು ಅಲ್ಲಿಗೆ ಬಂದು ಹೋಗುತ್ತಿರುತ್ತವೆ. ಬೀದಿನಾಯಿ, ಬೆಕ್ಕು, ಹದ್ದು, ಕಾಗೆಗಳಂತೂ ಇದ್ದೇ ಇವೆ.

ಮೊದಲ ಸಲ ಸಾಕುವವರಿಗೆ ನಷ್ಟವಾಗುವ ಬಗೆ ಹೆಚ್ಚಾಗಿ ಒಂದೇ. ಮೊದಲು ಮರಿ ತರುತ್ತಾರೆ. ಕೆಲವು ದಿನ ರಟ್ಟಿನ ಪೆಟ್ಟಿಗೆ, ಆಮೇಲೆ ಬೋರಲು ಹಾಕಿದ ಮಂಕರಿ. ಗೂಡನ್ನು ಬರುವ ತಿಂಗಳು ಕಟ್ಟಿಸೋಣವೆಂದುಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಮಂಕರಿ ಪಕ್ಕಕ್ಕೆ ಉರುಳಿರುತ್ತದೆ, ಪುಕ್ಕ ಚೆಲ್ಲಿರುತ್ತದೆ. ಮನೆಯಾಕೆ ಕೂಡಿಟ್ಟ ಹಣ ಹೋಯಿತು. ಆ ಮನೆಯಲ್ಲಿ ಮತ್ತೆ ಕೋಳಿಯ ಮಾತು ಏಳುವುದಿಲ್ಲ. ಈ ಕ್ರಮವನ್ನು ತಿರುಗಿಸಬೇಕು. ಮೊದಲು ಹಿತ್ತಲನ್ನು ನೋಡುವುದು, ನಂತರ ಗೂಡು, ಕೊನೆಗೆ ಕೋಳಿ.

ಬಂದವರು ಯಾರು?

ಹತ್ತು ಹದಿನೈದು ದಿನ, ಸಂಜೆ ಹೊತ್ತು, ಕಾಂಪೌಂಡಿನ ಬುಡ, ಮೋರಿಯ ಬಾಯಿ, ಗೂಡು ಕಟ್ಟಬೇಕೆಂದಿರುವ ಜಾಗದ ಸುತ್ತ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಬೇಕು. ಬೆಳಗಾಗೆದ್ದು ನೋಡಿದರೆ ಹೆಜ್ಜೆಗಳೇ ಉತ್ತರ ಹೇಳುತ್ತವೆ. ಬೆಕ್ಕಿನ ಹೆಜ್ಜೆ ದುಂಡಗೆ, ಉಗುರಿನ ಗುರುತಿಲ್ಲ. ನಾಯಿಯದರಲ್ಲಿ ಉಗುರು ಕಾಣುತ್ತದೆ. ಮುಂಗುಸಿಯ ಹೆಜ್ಜೆ ಚಿಕ್ಕದು, ಐದು ಬೆರಳು, ಮುಂದೆ ಉಗುರಿನ ಗೀರು. ಆದರೆ ಅದು ಹಗಲು ತಿರುಗುವ ಪ್ರಾಣಿಯಾದ್ದರಿಂದ ಮನೆಯವರ ಕಣ್ಣಿಗೇ ಬೀಳಬಹುದು. ಹಾವು ಹರಿದಲ್ಲಿ ಡೊಂಕು ಗೆರೆ, ಹೆಗ್ಗಣವಿದ್ದಲ್ಲಿ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ.

ಈಗಾಗಲೇ ನಷ್ಟವಾಗಿದ್ದರೆ ಅದರ ರೀತಿಯನ್ನೂ ಗಮನಿಸಬೇಕು. ಹಲವು ಕೋಳಿ ಸತ್ತು, ತಿನ್ನದೆ ಬಿದ್ದಿದ್ದರೆ ನಾಯಿಯ ಮೇಲೆ ಮೊದಲ ಸಂಶಯ. ಹಗಲಲ್ಲೇ ಕತ್ತು ಕಚ್ಚಿಸಿಕೊಂಡಿದ್ದರೆ, ಒಡೆದ ಮೊಟ್ಟೆಯ ಚಿಪ್ಪು ಬಿದ್ದಿದ್ದರೆ ಮುಂಗುಸಿ ಬಂದಿರಬಹುದು. ಮೊಟ್ಟೆಯೋ ಸಣ್ಣ ಮರಿಯೋ ಗುರುತೇ ಇಲ್ಲದೆ ಮಾಯವಾದರೆ ಹಾವು. ಅಂಗಳದಲ್ಲಿ ಮೇಯುತ್ತಿದ್ದ ಮರಿ ನೋಡನೋಡುತ್ತಲೇ ಹೋದರೆ ಮೇಲೆ ನೋಡಬೇಕು: ಅದು ಹದ್ದಿನ ಕೆಲಸ. ಇವು ಊಹೆಗೆ ದಾರಿ ಮಾತ್ರ, ಒಂದೇ ಗುರುತನ್ನು ನಂಬಿ ತೀರ್ಮಾನಿಸಬಾರದು.

ಗೂಡು

ಹತ್ತು ಕೋಳಿಗೆ ಒಂದಕ್ಕೆ ಎರಡೂವರೆ ಚದರ ಅಡಿಯಂತೆ 5 ಅಡಿ ಉದ್ದ, 5 ಅಡಿ ಅಗಲದ ಗೂಡು ಸಾಕು. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಆರು ಮೂಲೆಯ ಕೋಳಿ ಜಾಲರಿ ಕೋಳಿಯನ್ನು ಒಳಗಿಡಲು ಸರಿ, ನಾಯಿಯನ್ನು ಹೊರಗಿಡಲು ಸಾಲದು. ಎಳೆದರೆ ಕೀಳುತ್ತದೆ, ಮರಿಗಳು ಅದರ ಕಣ್ಣಿನಿಂದ ಕತ್ತು ಹೊರಹಾಕುತ್ತವೆ. ಆದ್ದರಿಂದ ಅರ್ಧ ಅಂಗುಲ ಕಣ್ಣಿನ ಬೆಸುಗೆಯ ಜಾಲರಿಯನ್ನೇ ಹಾಕಬೇಕು. ಹಣ ಕಡಿಮೆಯಿದ್ದರೆ ಗೂಡನ್ನು ಚಿಕ್ಕದಾಗಿಸಿ ಐದೇ ಕೋಳಿ ಸಾಕಲಿ, ಜಾಲರಿಯಲ್ಲಿ ಮಾತ್ರ ಉಳಿತಾಯ ಬೇಡ.

ನೆಲಕ್ಕೆ ಚಪ್ಪಡಿ ಕಲ್ಲು ಅಥವಾ ಸಿಮೆಂಟು ಇರಬೇಕು. ಮಣ್ಣಿನ ನೆಲವೇ ಆದರೆ ಜಾಲರಿಯನ್ನು ಸುತ್ತ ಒಂದು ಅಡಿ ಆಳಕ್ಕೆ ಹೂತು, ತುದಿಯನ್ನು ಹೊರಕ್ಕೆ ಮಡಿಸಬೇಕು. ತೋಡುವ ಪ್ರಾಣಿ ಅಲ್ಲಿಗೆ ಬಂದು ನಿಲ್ಲುತ್ತದೆ. ಬಾಗಿಲಿನ ಕೆಳಗಿನ ಸಂದನ್ನು ಮರೆಯುವವರೇ ಹೆಚ್ಚು. ಕೋತಿಗಳ ಕಾಟವಿರುವ ಕಡೆ ಬರಿಯ ಕೊಕ್ಕೆ ಸಾಲದು, ಚಿಲಕಕ್ಕೆ ಬೀಗವೋ ಮೊಳೆಯೋ ಬೇಕು. ಒಳಗೆ ಪ್ರತಿ ಕೋಳಿಗೆ 8 ಅಂಗುಲದಂತೆ ಕೂರುವ ಕೋಲು, ಐದಕ್ಕೊಂದು ಮೊಟ್ಟೆಯ ಪೆಟ್ಟಿಗೆ, ನೆಲಕ್ಕೆ ಭತ್ತದ ಹೊಟ್ಟು.

ರಾಜಾಜಿನಗರ, ವಿಜಯನಗರಗಳ ಚಿಕ್ಕ ನಿವೇಶನಗಳಲ್ಲಿ ಹಿತ್ತಲಿಲ್ಲದೆ ತಾರಸಿಯ ಮೇಲೆ ಸಾಕುವವರಿಗೆ ಹೆಗ್ಗಣದ ಕಾಟ ಕಡಿಮೆ, ಬಿಸಿಲಿನದು ಹೆಚ್ಚು. ನೆರಳು ಮಾಡಿ ಮೇಲೂ ಜಾಲರಿ ಹಾಕಬೇಕು. ಪಾಲಿಕೆಯ ನಿಯಮವನ್ನು ಮೊದಲೇ ವಿಚಾರಿಸುವುದು, ಹುಂಜವನ್ನು ಬಿಡುವುದು ಮೇಲು. ಮೊಟ್ಟೆಗೆ ಹುಂಜ ಬೇಕಿಲ್ಲ, ನೆರೆಯವರಿಗೆ ನಿದ್ದೆ ಬೇಕು.

ಕರೆಯುವುದು ಕಾಳು

ಪ್ರಾಣಿಗಳು ಬರುವುದು ಕೋಳಿಗಾಗಿಯೇ ಎಂದು ತಿಳಿಯಬಾರದು. ಚೆಲ್ಲಿದ ಕಾಳಿಗೆ ಇಲಿ ಹೆಗ್ಗಣ, ಅವುಗಳ ಹಿಂದೆ ಹಾವು, ಮುಂಗುಸಿ. ಕೋಳಿ ಆಮೇಲೆ ಕಣ್ಣಿಗೆ ಬೀಳುತ್ತದೆ. ಆಹಾರವನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಬೇಕು, ಉಳಿದದ್ದನ್ನು ಸಂಜೆ ಎತ್ತಬೇಕು, ಮೊಟ್ಟೆಯನ್ನು ದಿನಕ್ಕೆರಡು ಸಲ ಆರಿಸಬೇಕು. ಕಾಳು ನೀರನ್ನು ಮುಚ್ಚಿದ ಕಡೆ ಇಡುವುದಕ್ಕೆ ಇನ್ನೊಂದು ಕಾರಣವಿದೆ. ಕಾಡು ಹಕ್ಕಿಗಳಿಂದ ರೋಗ ತಗಲಬಹುದು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಹಕ್ಕಿಗಳನ್ನು ನಾಶಪಡಿಸಬೇಕಾಯಿತು.

ವಿಷವಿಡುವುದು, ಉರುಲು ಹಾಕುವುದು ಕೂಡದು. ಮುಂಗುಸಿ, ಕೇರೆಹಾವು, ಪುನುಗುಬೆಕ್ಕುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ವಿಷದ ಕಾಳನ್ನು ಕೋಳಿಯೂ ತಿನ್ನುತ್ತದೆ, ಅಲ್ಲದೆ ಹೆಗ್ಗಣವನ್ನು ಬಿಟ್ಟಿಯಾಗಿ ಹಿಡಿಯುವವರೂ ಇವರೇ. ಗೂಡಿನೊಳಗೆ ಹಾವು ಕಂಡರೆ ಕೈಹಾಕದೆ ಅರಣ್ಯ ಇಲಾಖೆಗೆ ತಿಳಿಸಬೇಕು. 2022ರ ಕೊನೆಯಲ್ಲಿ ತುರಹಳ್ಳಿ ಸುತ್ತಮುತ್ತ ಚಿರತೆ ಕಾಣಿಸಿಕೊಂಡಿತ್ತು. ಅಂಥ ದಿನಗಳಲ್ಲಿ ಕೋಳಿಗಿಂತ ಮೊದಲು ಮನೆಯವರು ಕತ್ತಲಾದ ಮೇಲೆ ಹಿತ್ತಲಿಗೆ ಹೋಗದಿರುವುದು ಲೇಸು.

ಯಾವ ಕೋಳಿ?

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಹಿತ್ತಲಿಗೆಂದೇ ಬಂದ ತಳಿ. ನಾಟಿ ಕೋಳಿಗಿಂತ ಬಹಳ ಹೆಚ್ಚು, ವರ್ಷಕ್ಕೆ ಸುಮಾರು 140 ಮೊಟ್ಟೆ ಕೊಡುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ, ಮೈಭಾರದಿಂದ ಹಾರುವುದು ಕಡಿಮೆ. ನಾಟಿ ಕೋಳಿ ಮರ ಹತ್ತಿ ಬದುಕಿಕೊಳ್ಳುವ ಕಡೆ ಗಿರಿರಾಜಕ್ಕೆ ಗೂಡೇ ಗತಿ. ಹೊಸಬರು ಒಂದು ದಿನದ ಮರಿಯ ಬದಲು ಕಾವು ಮುಗಿದ ಆರು ವಾರದ ಮರಿಗಳನ್ನೇ ಕೊಳ್ಳುವುದು ಒಳ್ಳೆಯದು. ಬೆಲೆ ಹೆಚ್ಚಾದರೂ ಮೊದಲ ವಾರದ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಒದಗಿಸುವ ತಾಪತ್ರಯ ತಪ್ಪುತ್ತದೆ. ಕೊಕ್ಕರೆ ರೋಗಕ್ಕೆ ಯಾವ ಲಸಿಕೆಗಳಾಗಿವೆ ಎಂದು ಕೇಳಿ ಬರೆದುಕೊಂಡು, 8ರಿಂದ 10 ವಾರದೊಳಗೆ ಹಾಕಿಸಬೇಕಾದದ್ದನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಾಕಿಸಬೇಕು.

ತಂದ ಕೋಳಿಗಳನ್ನು ಎರಡು ವಾರ ಗೂಡಿನಲ್ಲೇ ಇಡಬೇಕು. ನಂತರ ಸೂರ್ಯ ಮುಳುಗಲು ಒಂದು ಗಂಟೆಯಿರುವಾಗ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ತಾವಾಗಿ ಕೋಲಿಗೆ ಮರಳುತ್ತವೆ. ದಿನಕ್ಕಿಷ್ಟು ಹೊತ್ತು ಹೆಚ್ಚಿಸುತ್ತ ಹೋಗಬಹುದು. ಬಾಗಿಲು ಮುಚ್ಚುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ಒಪ್ಪಿಸಿ, ಅವರು ಊರಿಗೆ ಹೋದರೆ ಇನ್ನೊಬ್ಬರ ಹೆಸರು ಹೇಳಿಯೇ ಹೋಗಬೇಕು. ಎಣಿಸಿ ಮುಚ್ಚಬೇಕು. ಮೋಡ ಕವಿದ ದಿನ ಕೋಳಿಗಳು ಬೇಗನೆ ಗೂಡು ಸೇರುತ್ತವೆ, ಬಾಗಿಲನ್ನೂ ಅಷ್ಟೇ ಬೇಗ ಹಾಕಬೇಕಾಗುತ್ತದೆ.